ಗುಂಪಿಗೆ ಹಿಡಿದ ಕನ್ನಡಿ

ಹಣ ತೆರದೆ ನೋಡುವ ಆಟಕ್ಕೆ ನಮ್ಮ ನಾಡಿನಲ್ಲಿ ಹಳೆಯ ಮರ್ಯಾದೆಯುಂಟು. ಹರಕೆ ಹೊತ್ತ ಗೃಹಸ್ಥನು ಆಟದ ವೆಚ್ಚವನ್ನು ವಹಿಸಿಕೊಳ್ಳುವನು. ಮೇಳದವರು ಬಯಲಿನಲ್ಲಿ ರಂಗಸ್ಥಳವನ್ನು ಕಟ್ಟುವರು. ಊರಿನ ಜನರೆಲ್ಲ ಚಾಪೆ ಹಾಸಿಕೊಂಡು ಬೆಳಗಿನವರೆಗೆ ಕುಳಿತು ನೋಡುವರು. ಬಂದವರಾರೂ ಪುಕ್ಕಟೆಯಾಗಿ ಬಂದೆವೆಂದು ನಾಚುವುದಿಲ್ಲ. ಪುಕ್ಕಟೆಯಾಗಿ ದೊರೆತದ್ದೆಂದು ಆಟವನ್ನು ಹಗುರಾಗಿ ಎಣಿಸುವುದೂ ಇಲ್ಲ. ಚಲಚ್ಚಿತ್ರ ಮಾತ್ರ ಹುಟ್ಟಿದಂದಿನಿಂದ ಟಿಕೆಟ್ಟಿನ ಕಲೆಯಾಗಿ ಬೆಳೆಯಿತು. ಆದುದರಿಂದ, ಒಬ್ಬ ದೊಡ್ಡ ನಿರ್ದೇಶಕನ ಚಿತ್ರಗಳನ್ನು ಕಾಲಾನುಕ್ರಮದಲ್ಲಿ, ಪ್ರವೇಶಧನವಿಲ್ಲದೆ, ಸಾಲಾಗಿ ತೋರಿಸುವ ಪದ್ಧತಿಯನ್ನು ಚಿತ್ರಸಮಾಜಗಳೂ ಸಾಂಸ್ಕೃತಿಕ ಸಂಸ್ಥೆಗಳೂ ಬೆಳೆಸಿಕೊಂಡು ಬಂದಿರುವುದು ಸಹೃದಯರು ಗಮನಿಸಬೇಕಾದ ಸಂಗತಿ. ಇಂಥ ಪ್ರದರ್ಶನಮಾಲೆಗೆ ನಮ್ಮಲ್ಲಿ ಬಳಕೆಯಲ್ಲಿರುವ ‘ಸಿಂಹಾವಲೋಕನ’ ಎಂಬ ಮಾತು ಸೊಗಸಾದುದು. ಸಿಂಹವು ನಡೆಯುತ್ತ ನಡೆಯುತ್ತ ನಿಂತು, ಕೊರಳನ್ನು ತಿರುಗಿಸಿ, ತಾನು ಬಂದ ಹಾದಿಯನ್ನೆಲ್ಲ ಒಮ್ಮೆ ನೋಡುತ್ತದಂತೆ. ಜರ್ಮನ್ ಚಲಚ್ಚಿತ್ರದ ಅತ್ಯಂತ ಪ್ರಭಾವಶಾಲಿಗಳಲ್ಲಿ ಒಬ್ಬನಾದ ಫ್ರಿಟ್ಸ್ ಲಾಂಗ್‌ನ ಹಾದಿಯನ್ನು ಹೀಗೆ ನೋಡುವುದರಿಂದ ಆಗುವ ಪ್ರಯೋಜನವೇನು, ಅದನ್ನು ನಾಲ್ಕು ಜನ ಒಂದೆಡೆ ಕೂಡಿಯೇ ಏಕೆ ನೋಡಬೇಕು ಎಂಬುದನ್ನು ಈ ವಾರ ವಾಚಕರೊಡನೆ ವಿಚಾರ ಮಾಡಬಯಸುತ್ತೇವೆ.

2010ನೆಯ ಇಸವಿಯ ಫೆಬ್ರವರಿ 12ರ ರಾತ್ರಿ ಬರ್ಲಿನ್ ನಗರದ ಬ್ರಾಂಡೆನ್‌ಬುರ್ಗ್ ಮಹಾದ್ವಾರದ ಬಳಿ ದೊಡ್ಡದೊಂದು ತೆರೆಯನ್ನು ಕಟ್ಟಿ, ಲಾಂಗ್‌ನ ‘ಮೆಟ್ರೊಪೊಲಿಸ್’ ಚಿತ್ರವನ್ನು ಸಾರ್ವಜನಿಕರಿಗೆ ಉಚಿತವಾಗಿ ತೋರಿಸಿದರು. ಅದೇ ನಗರದಲ್ಲಿ 1927ರ ಜನವರಿ 10ರಂದು ಮೊದಲು ಬೆಳಕು ಕಂಡ ಈ ಮೂಕಚಿತ್ರವನ್ನು ವ್ಯಾಪಾರಿಗಳು ಬಹು ಬೇಗ ಕತ್ತರಿಸಿ ಮೊಟಕು ಮಾಡಿದ್ದರು. ತೆಗೆದುಹಾಕಿದ ಭಾಗ ಎಂದೆಂದಿಗೂ ಕಳೆದುಹೋಯಿತೆಂದು ಪಂಡಿತರು ಕೈಚೆಲ್ಲಿದ್ದಾಗ, 2008ರಲ್ಲಿ ಅರ್ಜೆಂಟೀನದ ಬ್ಯೂನಸ್ ಐರಿಸ್ ನಗರದ ಚಲಚ್ಚಿತ್ರ ಸಂಗ್ರಹಾಲಯದಲ್ಲಿ, ಗೀರುಬಿದ್ದು ಮಸಕಾದ 16 ಮಿಲಿಮೀಟರ್ ಸುರುಳಿಗಳಲ್ಲಿ, ಸುಮಾರು 25 ನಿಮಿಷಗಳಷ್ಟು ಭಾಗ ಮತ್ತೆ ದೊರೆಯಿತು. ಅದನ್ನು ಸೇರಿಸಿ ಜೋಡಿಸಿದ ಚಿತ್ರವೇ ಅಂದು ತೆರೆಯ ಮೇಲೆ ಬಂದದ್ದು. ಅದೇ ರಾತ್ರಿ ಟೆಲಿವಿಷನ್ನಿನಲ್ಲಿಯೂ ಅದು ಪ್ರಸಾರವಾಗುತ್ತಿತ್ತು. ಮನೆಯ ಬೆಚ್ಚನೆಯ ಮೂಲೆಯಲ್ಲಿ ಕುಳಿತು ನೋಡಬಹುದಾದುದನ್ನು ಜನರು ಚಳಿಗಾಲದ ಬೀದಿಯಲ್ಲಿ ನಿಂತು ಏಕೆ ನೋಡಿದರು? ಕೇವಲ ಕುತೂಹಲವೆಂದು ಹೇಳಿ ಮುಗಿಸಬಹುದು. ಆದರೆ ಆ ಚಿತ್ರದ ಒಡಲಿನಲ್ಲಿಯೇ ಇದಕ್ಕೆ ಇನ್ನೊಂದು ಉತ್ತರವಿದೆಯೆಂದು ನಮಗೆ ತೋರುತ್ತದೆ.

1890ರಲ್ಲಿ ವಿಯೆನ್ನಾ ನಗರದಲ್ಲಿ ಹುಟ್ಟಿದ ಲಾಂಗ್‌ನು ಕಟ್ಟಡಗಳನ್ನು ಕಟ್ಟಿಸುವವನ ಮಗ. ವಾಸ್ತುವಿದ್ಯೆಗೆ ಸೇರಿ, ಅದನ್ನು ಬಿಟ್ಟು ಚಿತ್ರಕಲೆಗೆ ಹೋಗಿ, ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡು, ಕೊನೆಗೆ ಬರ್ಲಿನ್ನಿನ ಚಿತ್ರೋದ್ಯಮದಲ್ಲಿ ನೆಲೆಯೂರಿದವನು. ಅವನ ‘ದಣಿದ ಮೃತ್ಯು’ ಎಂಬ 1921ರ ಚಿತ್ರವನ್ನು ಕಂಡೇ ತನಗೆ ಚಲಚ್ಚಿತ್ರದ ಶಕ್ತಿ ತಿಳಿಯಿತೆಂದು ಸ್ಪೇನಿನ ಲೂಯಿ ಬುನ್ಯುವೆಲ್ ಹೇಳಿಕೊಂಡಿದ್ದಾನೆ. 1929ರ ‘ಚಂದ್ರಲೋಕದಲ್ಲಿ ಸ್ತ್ರೀ’ ಚಿತ್ರದಲ್ಲಿ ರಾಕೆಟ್ಟು ಹಾರುವ ಮುನ್ನ ಅಂಕಿಗಳನ್ನು ಹಿಂದುಹಿಂದಾಗಿ ಎಣಿಸುವ ದೃಶ್ಯವನ್ನು ನೋಡಿದವರಿಗೆ, ಮುಂದಿನ ಕಾಲದ ಒಂದು ದಿನಚರಿಯೇ ಅಲ್ಲಿ ಮೊದಲು ಕಾಣಿಸಿದಂತಾಗುತ್ತದೆ. ಇವೆಲ್ಲ ಅವನ ಕೀರ್ತಿಯ ಕುರುಹುಗಳು. ಆದರೆ ಬಿಡಿಬಿಡಿಯಾಗಿ ನೋಡಿದಾಗ ಕಾಣದೆ, ಸಾಲಾಗಿ ನೋಡಿದಾಗ ಎದ್ದು ಕಾಣುವ ವಸ್ತುವೊಂದಿದೆ. ಅದು ಗುಂಪು. ಒಬ್ಬೊಬ್ಬನಾಗಿದ್ದಾಗ ಸಜ್ಜನನಾದ ಮನುಷ್ಯನು ಗುಂಪಿನಲ್ಲಿ ಸೇರಿದೊಡನೆ ಏನಾಗುತ್ತಾನೆ, ತಪ್ಪಿತಸ್ಥನಾರೆಂದು ತೀರ್ಮಾನಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಯನ್ನು ಅವನು ಎರಡು ಖಂಡಗಳಲ್ಲಿ, ಎರಡು ಭಾಷೆಗಳಲ್ಲಿ, ಮತ್ತೆ ಮತ್ತೆ ಕೇಳಿದನು.

‘ಮೆಟ್ರೊಪೊಲಿಸ್’ನಲ್ಲಿ ನೆಲದಡಿಯ ಕಾರ್ಮಿಕರು ತಲೆ ತಗ್ಗಿಸಿ, ಹೆಜ್ಜೆಗೆ ಹೆಜ್ಜೆ ಹೊಂದಿಸಿ, ಪಾಳಿ ಬದಲಾಯಿಸಿಕೊಳ್ಳುವ ದೃಶ್ಯವನ್ನು ಒಮ್ಮೆ ಕಂಡವರು ಮರೆಯಲಾರರು. ಮುಂದೆ ಯಂತ್ರಕನ್ಯೆಯೊಬ್ಬಳ ಮಾತಿಗೆ ಮರುಳಾಗಿ ಅವರು ಯಂತ್ರಗಳನ್ನು ಒಡೆಯುತ್ತಾರೆ. ತಮ್ಮ ವಸತಿಗೇ ನೀರು ನುಗ್ಗುವುದನ್ನೂ ಅಲ್ಲಿ ತಮ್ಮ ಮಕ್ಕಳಿರುವುದನ್ನೂ ಮರೆಯುತ್ತಾರೆ. ಬಳಿಕ ಅಷ್ಟೇ ಆವೇಶದಿಂದ ತಮ್ಮನ್ನು ಕೆಣಕಿದವಳನ್ನು ಸುಡಲು ಓಡುತ್ತಾರೆ. ಬುದ್ಧಿಗೂ ಕೈಗೂ ನಡುವೆ ಹೃದಯವು ಸಂಧಾನ ಮಾಡಬೇಕೆಂಬ ಉಪದೇಶದಿಂದ ಚಿತ್ರ ಮುಗಿಯುತ್ತದೆ. ಈ ಮುಕ್ತಾಯ ತೀರ ಸುಲಭದ್ದೆಂದು ಲಾಂಗ್‌ನೇ ಮುಂದೆ ಒಪ್ಪಿಕೊಂಡನು. ಅದು ಸರಿಯಾದ ಮಾತು. ಗುಂಪಿನ ರೋಗವನ್ನು ಅಷ್ಟು ನಿಷ್ಕರುಣೆಯಿಂದ ತೋರಿಸಿದ ಚಿತ್ರಕ್ಕೆ ಅಷ್ಟು ಸೌಮ್ಯವಾದ ಔಷಧ ಸಾಲದು.

ಆ ಕೊರತೆಯನ್ನು ತುಂಬಿದ್ದು 1931ರ ‘ಎಂ’. ಇದು ಲಾಂಗ್‌ನ ಮೊದಲನೆಯ ವಾಕ್ಚಿತ್ರ. ನಗರದಲ್ಲಿ ಮಕ್ಕಳನ್ನು ಕೊಲ್ಲುವವನೊಬ್ಬ ತಿರುಗುತ್ತಿದ್ದಾನೆ. ಕೊಲೆಯನ್ನು ನಾವು ನೋಡುವುದಿಲ್ಲ. ತಾಯಿಯೊಬ್ಬಳು ಮಗಳ ಹೆಸರನ್ನು ಕೂಗುತ್ತಾಳೆ. ಬರಿದಾದ ಮೆಟ್ಟಿಲು, ಬರಿದಾದ ಅಟ್ಟ, ಊಟಕ್ಕೆ ಬಡಿಸಲು ಇಟ್ಟ ತಟ್ಟೆ. ಹುಲ್ಲಿನ ಮೇಲೆ ಉರುಳಿ ನಿಲ್ಲುವ ಚೆಂಡು. ತಂತಿಗಳಿಗೆ ಸಿಕ್ಕಿಕೊಂಡ ಬಲೂನು. ಇಷ್ಟೇ. ಆ ಬಳಿಕ ಭೀತಿ ನಗರವನ್ನು ಹಿಡಿಯುತ್ತದೆ. ಒಂದೇ ಮೇಜಿನ ಸುತ್ತ ಕುಳಿತ ಗೆಳೆಯರು ಒಬ್ಬರನ್ನೊಬ್ಬರು ಶಂಕಿಸುತ್ತಾರೆ. ಬೀದಿಯಲ್ಲಿ ಪುಟ್ಟ ಹುಡುಗಿಯೊಬ್ಬಳು ಗಂಟೆ ಎಷ್ಟೆಂದು ಕೇಳಿದ್ದಕ್ಕೆ ಉತ್ತರ ಹೇಳಿದ ವೃದ್ಧನನ್ನು ದಾರಿಹೋಕರು ಸುತ್ತುಗಟ್ಟುತ್ತಾರೆ. ಒಬ್ಬನ ಪ್ರಶ್ನೆ ಹತ್ತು ಜನರ ಕೂಗಾಗುತ್ತದೆ. ಕೊನೆಗೆ ನಗರದ ಕಳ್ಳರೇ ಕೊಲೆಗಾರನನ್ನು ಹಿಡಿದು, ಪಾಳುಬಿದ್ದ ಕಾರ್ಖಾನೆಯೊಂದರ ನೆಲಮಾಳಿಗೆಯಲ್ಲಿ ತಮ್ಮದೇ ನ್ಯಾಯಾಲಯ ನಡೆಸುತ್ತಾರೆ. ಅಲ್ಲಿ ಪೀಟರ್ ಲೊರೆ ಎಂಬ ನಟನು ಮೊಣಕಾಲೂರಿ, ತನ್ನೊಳಗಿನ ಪೀಡೆಯಿಂದ ತನಗೇ ಬಿಡುಗಡೆಯಿಲ್ಲವೆಂದು ಗೋಳಿಡುವಾಗ, ಪ್ರೇಕ್ಷಕನ ಮನಸ್ಸು ಇಬ್ಬಗೆಯಾಗುತ್ತದೆ. ಅವನ ಪಾಪಕ್ಕೆ ಕ್ಷಮೆಯಿಲ್ಲ. ಆದರೆ ಎದುರಿಗೆ ಕುಳಿತು ರಕ್ತ ಕೇಳುತ್ತಿರುವವರ ಮುಖಗಳಲ್ಲಿ ನ್ಯಾಯವೂ ಇಲ್ಲ.

ಇದು ಪರದೇಶದ, ಹಳೆಯ ಕಾಲದ ಕಥೆಯೆಂದು ನಾವು ನೆಮ್ಮದಿಯಿಂದ ಇರುವಂತಿಲ್ಲ. 2018ರ ಜುಲೈ ತಿಂಗಳಿನಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ನಡೆದುದನ್ನು ವಾಚಕರು ಮರೆತಿರಲಾರರು. ಹೈದರಾಬಾದಿನ ಕಡೆಯಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು ದಾರಿಯ ಊರಿನಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಮೊಬೈಲ್ ಫೋನುಗಳ ಮೂಲಕ ಅವರಿಗಿಂತ ಮೊದಲೇ ಮುರ್ಕಿಗೆ ಹೋಗಿ ಕಾದು ನಿಂತಿತು. ತರುಣ ತಂತ್ರಜ್ಞನೊಬ್ಬನು ಗುಂಪಿನ ಏಟಿಗೆ ಪ್ರಾಣ ಬಿಟ್ಟನು. ಜೊತೆಯವರೂ ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಆ ವರ್ಷ ದೇಶದಲ್ಲೆಲ್ಲ ಇಂಥ ಭೀತಿಯನ್ನು ಹಬ್ಬಿಸಿದ ವಿಡಿಯೊಗಳಲ್ಲಿ ಒಂದು, ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಎಚ್ಚರಿಸಲೆಂದು ಕರಾಚಿಯಲ್ಲಿ ತಯಾರಿಸಿದ ಜಾಹೀರಾತು. ಅದರಲ್ಲಿ ಅಪಹೃತನಾದ ಮಗುವನ್ನು ಮರಳಿ ತಂದುಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಹಾಕಿದ್ದರು. ಉಳಿದ ತುಣುಕು ಜನರ ಕೈಯಿಂದ ಕೈಗೆ ಹೋಯಿತು. ಲಾಂಗ್‌ನ ಮುದುಕ ಗಂಟೆ ಹೇಳಿದ; ನಮ್ಮವರು ಮಿಠಾಯಿ ಕೊಟ್ಟರು. ಎಂಬತ್ತೇಳು ವರ್ಷಗಳ ಅಂತರ ಇಷ್ಟೇ.

ತುಣುಕಿನ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬೇಕು. ‘ಎಂ’ ಚಿತ್ರದಲ್ಲಿ ಲೊರೆ ಗೋಳಿಡುವ ಅದೇ ದೃಶ್ಯವನ್ನು 1940ರಲ್ಲಿ ನಾಜಿಗಳು ಕಿತ್ತು ತೆಗೆದು, ಯೆಹೂದ್ಯರ ಮೇಲೆ ದ್ವೇಷ ಹುಟ್ಟಿಸುವ ತಮ್ಮ ಪ್ರಚಾರಚಿತ್ರದಲ್ಲಿ ಸೇರಿಸಿದರು. ಲೊರೆ ಯೆಹೂದ್ಯನೆಂಬುದೇ ಅವರಿಗೆ ಸಾಕಾಗಿತ್ತು. ಗುಂಪಿನ ಕ್ರೌರ್ಯವನ್ನು ತೋರಿಸಲು ರಚಿಸಿದ ದೃಶ್ಯವೇ ಗುಂಪನ್ನು ಕೆರಳಿಸುವ ಆಯುಧವಾಯಿತು. ಇಡಿಯ ಚಿತ್ರ ಹೇಳದ ಸುಳ್ಳನ್ನು ಅದರ ಚೂರು ಹೇಳಬಲ್ಲುದು. ಕೃತಿಯನ್ನು ಪೂರ್ತಿಯಾಗಿ, ಕೃತಿಕಾರನನ್ನು ಆದ್ಯಂತವಾಗಿ ನೋಡಬೇಕೆಂಬ ಸಿಂಹಾವಲೋಕನದ ಹಟ ಕೇವಲ ಪಂಡಿತರ ಚಪಲವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದ್ಯಂತ ನೋಡುವಾಗ ದೋಷಗಳೂ ಕಾಣುತ್ತವೆ, ಕಾಣಲೂ ಬೇಕು. 1933ರಲ್ಲಿ ಹಿಟ್ಲರನ ಸರ್ಕಾರ ಲಾಂಗ್‌ನ ‘ಡಾಕ್ಟರ್ ಮಾಬುಸೆಯ ಮರಣಶಾಸನ’ ಚಿತ್ರವನ್ನು ನಿಷೇಧಿಸಿತು. ಪ್ರಚಾರಮಂತ್ರಿ ಗೊಬೆಲ್ಸ್ ತನ್ನನ್ನು ಕರೆಸಿ ದೊಡ್ಡ ಪದವಿಯನ್ನು ಕೊಡಮಾಡಿದನೆಂದೂ, ತಾನು ಅದೇ ರಾತ್ರಿ ದೇಶ ಬಿಟ್ಟೆನೆಂದೂ ಲಾಂಗ್ ಜೀವಮಾನವೆಲ್ಲ ಹೇಳುತ್ತಿದ್ದನು. ಅವನ ಪಾಸ್‌ಪೋರ್ಟಿನ ಮುದ್ರೆಗಳು ಬೇರೆಯೇ ಹೇಳುತ್ತವೆ. ಅವನು ಆ ವರ್ಷದ ಬೇಸಗೆಯವರೆಗೂ ಹೋಗಿಬಂದು ಮಾಡುತ್ತಿದ್ದನು. ಕಥೆಗಾರನು ತನ್ನ ಕಥೆಯನ್ನೂ ತಿದ್ದಿ ಬರೆದನೆನ್ನೋಣ. ಆದರೂ ಅವನು ಕೊನೆಗೆ ಹೊರಟುಹೋದನೆಂಬುದು ನಿಜ. ಅವನ ದೊಡ್ಡ ಜರ್ಮನ್ ಚಿತ್ರಗಳನ್ನು ಬರೆದುಕೊಟ್ಟ ಪತ್ನಿ ತೇಯಾ ಫಾನ್ ಹಾರ್ಬು ಅವನಿಂದ ಬೇರೆಯಾಗಿ ಜರ್ಮನಿಯಲ್ಲಿಯೇ ಉಳಿದು, ನಾಜಿ ಪಕ್ಷವನ್ನು ಸೇರಿದಳು. ಅದೇ ಹಾರ್ಬು, ಬರ್ಲಿನ್ನಿನಲ್ಲಿದ್ದ ನಮ್ಮ ಬೆಳಗಾವಿಯ ಕಡೆಯ ಅಯಿ ತೆಂಡೂಲ್ಕರ್ ಎಂಬ ತರುಣ ಪತ್ರಕರ್ತನನ್ನು ಗುಟ್ಟಾಗಿ ವಿವಾಹವಾದಳೆಂಬುದು ಚರಿತ್ರೆಯ ವೈಚಿತ್ರ್ಯಗಳಲ್ಲಿ ಒಂದು. ಆಕೆಯ ಕಾದಂಬರಿಯನ್ನು ಆಧರಿಸಿ ಲಾಂಗ್ ಉದಯಪುರದಲ್ಲಿ ದೃಶ್ಯಗಳನ್ನು ಚಿತ್ರಿಸಿ 1959ರಲ್ಲಿ ಹೊರತಂದ ಎರಡು ‘ಭಾರತೀಯ’ ಚಿತ್ರಗಳಲ್ಲಿ ಅರಮನೆ ನಿಜ, ಸರೋವರ ನಿಜ, ಭಾರತ ಮಾತ್ರ ಕಲ್ಪನೆಯದು. ಹುಲಿ, ಹಾವು, ನರ್ತಕಿ ಇವಿಷ್ಟರಲ್ಲಿ ಅದು ಮುಗಿದುಹೋಗುತ್ತದೆ. ಇವನ್ನೂ ಬಿಡದೆ ತೋರಿಸಬೇಕು. ಗುಂಪನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಕಣ್ಣೇ ದೂರದ ಜನರನ್ನು ಎಷ್ಟು ಮಸಕಾಗಿ ಕಂಡಿತೆಂಬುದೂ ಒಂದು ಪಾಠವೇ.

ಅಮೆರಿಕೆಯಲ್ಲಿ ಅವನು ಮೊದಲು ಮಾಡಿದ ಚಿತ್ರ 1936ರ ‘ಫ್ಯೂರಿ’. ಸುಳ್ಳು ಆಪಾದನೆಯ ಮೇಲೆ ಸೆರೆಯಾದ ನಿರಪರಾಧಿಯೊಬ್ಬನನ್ನು ಸುಡಲು ಊರವರು ಸೆರೆಮನೆಗೇ ಬೆಂಕಿಯಿಡುತ್ತಾರೆ. ಅಮೆರಿಕೆಯ ನಿಜಜೀವನದಲ್ಲಿ ಇಂಥ ಹಿಂಸೆಗೆ ಹೆಚ್ಚಾಗಿ ಬಲಿಯಾಗುತ್ತಿದ್ದವರು ಕಪ್ಪುಜನರು. ಆದರೆ ಅದನ್ನು ತೋರಿಸಲು ಅಂದಿನ ಸ್ಟುಡಿಯೊ ಪದ್ಧತಿ ಎಡೆಗೊಡಲಿಲ್ಲ. ಈ ಮಿತಿಯೊಳಗೂ ಲಾಂಗ್ ಒಂದು ಅದ್ಭುತವನ್ನು ಸಾಧಿಸಿದನು. ವಿಚಾರಣೆಯ ಕಾಲದಲ್ಲಿ ಊರವರೆಲ್ಲ ತಾವು ಅಲ್ಲಿರಲೇ ಇಲ್ಲವೆಂದು ಪ್ರಮಾಣ ಮಾಡುತ್ತಾರೆ. ಆಗ ನ್ಯಾಯಾಲಯದಲ್ಲಿ ತೆರೆ ಕಟ್ಟಿ, ವಾರ್ತಾಚಿತ್ರದವರು ತೆಗೆದ ಸುರುಳಿಯನ್ನು ಬಿಡುತ್ತಾರೆ. ಕೊಳ್ಳಿ ಎಸೆದ ಕೈ, ನಗುತ್ತಿದ್ದ ಬಾಯಿ, ಎಲ್ಲವೂ ತೆರೆಯ ಮೇಲೆ ನಿಂತುಬಿಡುತ್ತವೆ. ಗುಂಪು ತನ್ನ ಮುಖವನ್ನು ತಾನೇ ನೋಡುತ್ತದೆ. ಒಬ್ಬೊಬ್ಬನೂ ಮತ್ತೆ ಒಬ್ಬೊಬ್ಬನಾಗಿ ನಾಚುತ್ತಾನೆ.

ಬ್ರಾಂಡೆನ್‌ಬುರ್ಗಿನ ಚಳಿಯಲ್ಲಿ ಜನರು ಏಕೆ ನಿಂತರೆಂಬ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಗುಂಪನ್ನು ಕುರಿತ ಚಿತ್ರವನ್ನು ಗುಂಪಿನಲ್ಲಿದ್ದುಕೊಂಡೇ ನೋಡಬೇಕು. ಅಂಗೈಯ ತೆರೆಯ ಮೇಲೆ ಒಂಟಿಯಾಗಿ ನೋಡುವವನು ಬೇಸರವಾದಾಗ ನಿಲ್ಲಿಸಬಹುದು, ಹಿಡಿಸದುದನ್ನು ದಾಟಿಸಬಹುದು, ಬೇಕಾದ ತುಣುಕನ್ನು ಮಾತ್ರ ಉಳಿಸಿಕೊಳ್ಳಬಹುದು. ಕತ್ತಲೆಯಲ್ಲಿ ಅಪರಿಚಿತರ ನಡುವೆ ಕುಳಿತವನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ಕೊನೆಯವರೆಗೆ ತಾಳಬೇಕು. ಪಕ್ಕದವನು ನಕ್ಕಲ್ಲಿ ತನಗೆ ಅಳು ಬಂದರೆ ಏಕೆಂದು ಯೋಚಿಸಬೇಕು. ದೊಂಬಿಗೂ ಸಭೆಗೂ ಇರುವ ಭೇದ ಇದೇ. ದೊಂಬಿ ತಾನು ನೋಡದುದನ್ನು ನಂಬುತ್ತದೆ. ಸಭೆ ಪೂರ್ತಿ ನೋಡಿದ ಬಳಿಕ ಮಾತನಾಡುತ್ತದೆ.

ಉಚಿತವಾದರೆ ಜನ ಬಂದು ಅರ್ಧದಲ್ಲಿ ಎದ್ದುಹೋಗುತ್ತಾರೆ, ಕಲೆಗೆ ಬೆಲೆಯಿಲ್ಲದಾಗುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಅದಕ್ಕೆ ಪರಿಹಾರ ಟಿಕೆಟ್ಟಲ್ಲ, ಸಿದ್ಧತೆ. ಚಿತ್ರಕ್ಕೆ ಮುನ್ನ ಹತ್ತು ನಿಮಿಷದ ಪರಿಚಯ, ಬಳಿಕ ಅರ್ಧ ಗಂಟೆಯ ಚರ್ಚೆ, ಕೈಯಲ್ಲೊಂದು ಕನ್ನಡದ ಟಿಪ್ಪಣಿ, ಇಷ್ಟಿದ್ದರೆ ಎದ್ದುಹೋಗುವವರು ಕಡಿಮೆಯಾಗುತ್ತಾರೆ. ಹಳ್ಳಿಯವರಿಗೆ ಇದೆಲ್ಲ ತಿಳಿಯದೆಂಬ ಸಂದೇಹಕ್ಕೆ ಸಾಗರದ ಬಳಿಯ ಹೆಗ್ಗೋಡು ಎಂದೋ ಉತ್ತರ ಹೇಳಿದೆ, ಕೆ. ವಿ. ಸುಬ್ಬಣ್ಣನವರ ನೀನಾಸಂ ಚಿತ್ರಸಮಾಜ 1970ರ ದಶಕದಲ್ಲಿಯೇ ಅಡಿಕೆ ತೋಟದ ಊರಿನ ಜನಕ್ಕೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿತು. ಬೆಂಗಳೂರಿನ ರಸಿಕರಿಗೆ ಮ್ಯಾಕ್ಸ್ ಮುಲ್ಲರ್ ಭವನವಿದೆ, 1971ರಲ್ಲಿ ಹುಟ್ಟಿದ ಸುಚಿತ್ರಾ ಇದೆ. ಬೀದರಿನ, ರಾಯಚೂರಿನ, ಚಾಮರಾಜನಗರದ ಕಾಲೇಜುಗಳಿಗೆ ಏನಿದೆ? ಒಂದು ಬಿಳಿಯ ಗೋಡೆ, ಒಂದು ಪ್ರೊಜೆಕ್ಟರು, ಉತ್ಸಾಹವುಳ್ಳ ಒಬ್ಬ ಅಧ್ಯಾಪಕ, ಇವು ದೊರೆಯದ ಊರು ಇಂದು ಕರ್ನಾಟಕದಲ್ಲಿ ವಿರಳ. ಇತಿಹಾಸವನ್ನೋ ಪೌರನೀತಿಯನ್ನೋ ಪಾಠ ಹೇಳುವ ಅಧ್ಯಾಪಕರು ವರ್ಷಕ್ಕೊಮ್ಮೆ ‘ಎಂ’ ಮತ್ತು ‘ಫ್ಯೂರಿ’ಗಳನ್ನು ಜೊತೆಜೊತೆಯಾಗಿ ತೋರಿಸಿ, ವಿದ್ಯಾರ್ಥಿಗಳನ್ನು ಮಾತನಾಡಗೊಟ್ಟರೆ, ಅದು ಯಾವ ಪಠ್ಯಪುಸ್ತಕಕ್ಕೂ ಕಡಿಮೆಯಾಗದು.

‘ಎಂ’ ಚಿತ್ರದ ಕೊನೆಯಲ್ಲಿ ಕಪ್ಪು ಉಡುಗೆಯ ತಾಯಂದಿರು ನ್ಯಾಯಾಲಯದಲ್ಲಿ ಕುಳಿತಿರುತ್ತಾರೆ. ಯಾವ ತೀರ್ಪೂ ಹೋದ ಮಕ್ಕಳನ್ನು ಮರಳಿ ತಾರದೆಂದೂ, ಇರುವ ಮಕ್ಕಳನ್ನು ಕಾಯಬೇಕೆಂದೂ ಅವರಲ್ಲೊಬ್ಬಳು ಹೇಳುತ್ತಾಳೆ. ಮಕ್ಕಳನ್ನು ಕಳ್ಳರಿಂದ ಕಾಯುವುದು ಒಂದು ಕೆಲಸ. ಅವರು ಬೆಳೆದು ಒಂದು ದಿನ, ರಸ್ತೆಯ ನಡುವೆ ಅಪರಿಚಿತನೊಬ್ಬನ ಸುತ್ತ ನೆರೆದ ಗುಂಪಿನಲ್ಲಿ ನಿಲ್ಲದಂತೆ ಕಾಯುವುದು ಇನ್ನೊಂದು. ಈ ಎರಡನೆಯ ಕೆಲಸದಲ್ಲಿ ಹಣ ಕೇಳದೆ ತೆರೆದಿಟ್ಟ ಒಂದು ಕತ್ತಲೆಯ ಕೋಣೆ, ಅದರೊಳಗಿನ ಬೆಳಕಿನ ತೆರೆ, ನಮಗೆ ನೆರವಾದೀತು.