ಸೀತಾಳೆ ದಂಡೆಗೊಂದು ನ್ಯಾಯ, ಸಿಂಗಳೀಕಕ್ಕೊಂದು ನ್ಯಾಯ

ಮಳೆ ಹಿಡಿಯ ಹೊತ್ತಿಗೆ ಸೀತಾಳೆ ದಂಡೆ ಹೂ ಬಿಟ್ಟಿದ್ದು ಹೇಳಿರೆ ನಮ್ಮ ಹೆಂಗಸ್ರಿಗೆ ಎಷ್ಟು ಸಂಭ್ರಮ! ಫೋಟೋ ಹೊಡಿತ, ಮದುವೆ ಕೂಸಿನ ಜಡೆಗೆ ಮುಡಿಸ್ತ. ಅದೇ ಸಿಂಗಳೀಕದ ಸುದ್ದಿ ತೆಗೆದ್ರೆ, "ಅದೂ ಒಂದು ಮಂಗ ಅಲ್ದನೇ" ಹೇಳಿ ಮಾತು ತಿರುಗಿಸ್ತ. ಈ ನ್ಯಾಯ ಯಂಗೆ ಸರಿ ಕಾಣ್ತಿಲ್ಲೆ.

ತೋಟಕ್ಕೆ ನುಗ್ಗಿ ಬಾಳೆಗೊನೆ ಹಾಳು ಮಾಡದು ಸಾದಾ ಮಂಗ, ಮುಸ್ಯ. ಅವುಗಳ ಸಿಟ್ಟನ್ನ ಸಿಂಗಳೀಕದ ಮೇಲೆ ಎಂತಕ್ಕೆ ತೀರಿಸ್ಕಳವು? ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಸಿಂಹದ ಹಾಂಗೆ ಕುಚ್ಚು. ಮರದ ಮೇಲಿಂದ ಮರಕ್ಕೇ ಹೋಗ್ತು, ನೆಲಕ್ಕೆ ಇಳಿಯದು ಅಪರೂಪ. ಪಶ್ಚಿಮ ಘಟ್ಟ ಬಿಟ್ರೆ ಜಗತ್ತಿನ ಬೇರೆ ಯಾವ ಕಾಡಲ್ಲೂ ಇಲ್ಲೆ. ನಮ್ಮ ಶಿರಸಿ, ಹೊನ್ನಾವರ ಬದಿ ಕಾಡನ್ನ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಹೇಳಿ ಸರ್ಕಾರ ಘೋಷಣೆ ಮಾಡಿದ್ದೂ ಇದಕ್ಕಾಗಿಯೇ.

ಎರಡಕ್ಕೂ ಮರವೇ ಮನೆ. ಆದ್ರೆ ಸೀತಾಳೆಗೆ ಒಂದು ಮರ ಸಾಕು. ಅದು ಬಂದಳಿಕೆ ಅಲ್ಲ (ಹಾಂಗೆ ಹೇಳಿ ಕಿತ್ತು ಬಿಸಾಕವು ಇದ್ದ), ಮರದ ರಸ ಹೀರ್ತಿಲ್ಲೆ. ತೊಗಟೆ ಹಿಡ್ಕಂಡು ಗಾಳಿ, ಮಳೆನೀರಲ್ಲೇ ಬದುಕ್ತು. ಗಾಳಿಗೆ ಬಿದ್ದ ಟೊಂಗೆಲಿದ್ದದ್ದನ್ನ ತಂದು ಅಂಗಳದ ಹಲಸಿನ ಮರಕ್ಕೆ ತೆಂಗಿನ ನಾರಲ್ಲಿ ಕಟ್ಟಿರೆ ಬೇರು ಬಿಡ್ತು. ಒಂದು ಕಾಯಿಲಿ ಧೂಳಿನ ಹಾಂಗೆ ಸಾವಿರಾರು ಬೀಜ. ಮತ್ತೆ ಅದು ನಮ್ಮೂರಿಗಷ್ಟೇ ಅಲ್ಲ, ಅಸ್ಸಾಮಲ್ಲೂ ಇದ್ದು. ಅಲ್ಲಿ ಬಿಹು ಕುಣಿಯ ಹೆಣ್ಮಕ್ಕ ಇದನ್ನೇ ಮುಡಿತ, ಆ ರಾಜ್ಯದ ಹೂವೇ ಇದು.

ಸಿಂಗಳೀಕಕ್ಕೆ ಎರಡೂವರೆ, ಮೂರು ವರ್ಷಕ್ಕೆ ಒಂದೇ ಮರಿ. ಅಂಗಳದ ಮರಕ್ಕೆ ಕಟ್ಟಿ ಉಳಿಸಲೆ ಬತ್ತಿಲ್ಲೆ. ಅದಕ್ಕೆ ಟೊಂಗೆಗೆ ಟೊಂಗೆ ತಾಗಿದ ದಟ್ಟ ಕಾಡು ಬೇಕು, ವರ್ಷಪೂರ್ತಿ ಒಂದಲ್ಲ ಒಂದು ಮರದಲ್ಲಿ ಹಣ್ಣು ಬೇಕು.

ಅದು ತಿಂಬ ಹಣ್ಣಲ್ಲಿ ಉಪ್ಪಾಗೆಯೂ ಒಂದು. ಇಲ್ಲಿ ಮಾತು ಸೀದಾ ನಮ್ಮ ಅಡಿಗೆಮನೆಗೇ ಬತ್ತು ನೋಡಿ. ಸಿಪ್ಪೆಗೆ ರೇಟು ಬಂತು ಹೇಳಿ, ಬೇರೆಯವು ಕೊಯ್ಯದ್ರೊಳಗೆ ನಾವೇ ಕೊಯ್ಯವು ಹೇಳಿ ಕಾಯಿ ಇದ್ದಾಗಲೇ ಬಡಿತ, ಟೊಂಗೆಯನ್ನೇ ಕಡಿತ. ಕಡಿದ ಟೊಂಗೆಲಿ ಮುಂದಿನ ವರ್ಷ ಮಂಗಂಗೂ ಇಲ್ಲೆ, ಮನುಷ್ಯಂಗೂ ಇಲ್ಲೆ. ಅದ್ರಿಂದಲೇ ಹೊಟ್ಟೆ ಹೊರೆಯವು ಇದ್ದ, ಕೊಯ್ಯಡಿ ಹೇಳಲೆ ಯಂಗೆ ಬಾಯಿ ಬತ್ತಿಲ್ಲೆ. ಹಣ್ಣಾದ ಮೇಲೆ ಕೊಯ್ಯಲಿ, ಅಷ್ಟೇ. ನಮ್ಮ ಬೆಟ್ಟಕ್ಕೆ ಕೊಯ್ಯಲೆ ಬಪ್ಪವಕ್ಕೆ ಈ ಸಲ ಮೊದಲೇ ಹೇಳಿಡಿ ಅಕ್ಕ: ಕತ್ತಿ ಬ್ಯಾಡ, ಕೊಕ್ಕೆ ಸಾಕು, ತುದಿಲಿದ್ದಿದ್ದು ಹಾಂಗೇ ಇರಲಿ.