ಬಂದಳಿಕೆಯ ನಿಶ್ಚಲತೆ ಮತ್ತು ಬೆಳ್ಳಿಬಣ್ಣದ ದೇಹ

ಮೈಗೆಲ್ಲ ಬೆಳ್ಳಿಬಣ್ಣ ಬಳಿದುಕೊಂಡು ಗಾಂಧೀಜಿಯ ಭಂಗಿಯಲ್ಲಿ ಬೀದಿಬದಿ ಅಲುಗದೆ ನಿಲ್ಲುವ 'ಜೀವಂತ ಪ್ರತಿಮೆ'ಗೆ ದೇಶೀ ಮೂಲವನ್ನು ಹುಡುಕಹೊರಟರೆ ಜೈನರ ಕಾಯೋತ್ಸರ್ಗ, ಸಲ್ಲೇಖನಗಳು ಸುಲಭವಾಗಿ ನೆನಪಾಗುತ್ತವೆ. ಆ ಜಾಡು ಬಂದಳಿಕೆಗೂ ಕರೆತರಬಲ್ಲದು. ಪತಿಯ ಮರಣಾನಂತರ ನಾಗರಖಂಡ-70ರ ಆಡಳಿತ ನಡೆಸಿದ ಜಕ್ಕಿಯಬ್ಬೆಯು 10ನೆಯ ಶತಮಾನದ ಆರಂಭದಲ್ಲಿ, ರೋಗಪೀಡಿತಳಾಗಿ, ಅಧಿಕಾರವನ್ನು ಮಗಳಿಗೊಪ್ಪಿಸಿ ಈ ತೀರ್ಥದಲ್ಲಿ ವ್ರತದಿಂದ ದೇಹತ್ಯಾಗ ಮಾಡಿದುದನ್ನು ಇಲ್ಲಿಯ ಶಾಸನ ದಾಖಲಿಸಿದೆ.

ಆದರೆ ಈ ವಂಶಾವಳಿ ಒಪ್ಪತಕ್ಕುದಲ್ಲ. ಕಾಯೋತ್ಸರ್ಗವೆಂದರೆ ಕಾಯದ ಮಮಕಾರವನ್ನು ತೊರೆಯುವುದು. ಅದಕ್ಕೆ ನೋಡುಗನ ಹಂಗಿಲ್ಲ. ಬೀದಿಯ ಪ್ರತಿಮೆಗಾದರೋ ನೋಡುಗನೇ ಸರ್ವಸ್ವ. ನಾಣ್ಯ ಬಿದ್ದೊಡನೆ ಪ್ರತಿಮೆ ಕಣ್ಣು ಮಿಟುಕಿಸುತ್ತದೆ, ಎದುರಿನ ಮಗು ಬೆಚ್ಚುತ್ತದೆ; ಆ ಕ್ಷಣಕ್ಕಾಗಿಯೇ ಅಷ್ಟು ಹೊತ್ತಿನ ನಿಶ್ಚಲತೆ. 1969ರಲ್ಲಿ ಲಂಡನ್ನಿನ ಗಿಲ್ಬರ್ಟ್ ಮತ್ತು ಜಾರ್ಜ್ ಮುಖಕ್ಕೆ ಲೋಹವರ್ಣ ಬಳಿದುಕೊಂಡು ಹಾಡುವ ಶಿಲ್ಪಗಳಾದಾಗಲೂ ಆಕರ್ಷಣೆಯಿದ್ದುದು ಶಿಲ್ಪ ಹಾಡಿತೆಂಬುದರಲ್ಲಿಯೇ.

ಕನ್ನಡದ ನೆಲದಲ್ಲಿ ಇದರ ನಿಜವಾದ ನೆಂಟರು ಬಸದಿಯಲ್ಲಿಲ್ಲ. ಮೈಸೂರು ದಸರೆಯ ಸ್ತಬ್ಧಚಿತ್ರಗಳಲ್ಲಿ ಮೂರ್ತಿಗಳ ನಡುವೆ ನಿಂತವರಲ್ಲಿ, ತಾಸುಗಟ್ಟಲೆ ಮೈಯೊಡ್ಡಿ ಬಣ್ಣ ಬರೆಸಿಕೊಳ್ಳುವ ಕರಾವಳಿಯ ಹುಲಿವೇಷದವರಲ್ಲಿ ಅವರನ್ನು ಕಾಣಬೇಕು. ಹುಲಿ ಕುಣಿಯುತ್ತದೆ, ಪ್ರತಿಮೆ ನಿಲ್ಲುತ್ತದೆ, ನಿಜ. ಬಣ್ಣದ ಕೆಳಗೆ ಉಸಿರುಗಟ್ಟುವ ಚರ್ಮ ಮಾತ್ರ ಒಂದೇ. ಬಿಸಿಲಿನಲ್ಲಿ ಹಾಗೆ ನಿಲ್ಲುವುದನ್ನು ತಪಸ್ಸೆಂದು ಬಣ್ಣಿಸಿದೊಡನೆ ಕೂಲಿಯ ಪ್ರಶ್ನೆ ಮರೆಯಾಗುತ್ತದೆ. (ಸಂಶೋಧನೆಗೆ ಪ್ರಾಚೀನತೆಯ ಮೋಹ ಹೆಚ್ಚು, ಶಾಸನವಿಲ್ಲದ ದೇಹ ಅದರ ಕಣ್ಣಿಗೆ ಬೀಳುವುದು ಕಷ್ಟ.) ಒಂದು ನಿಲುವಿಗೆ ಎಷ್ಟು ಹೊತ್ತು, ಬಳಿದ ಬಣ್ಣ ಯಾವುದು, ಅದನ್ನು ಯಾವುದರಿಂದ ತೊಳೆಯುತ್ತಾರೆ, ದಿನಕ್ಕೆ ಕೈಗೆ ಬರುವುದೆಷ್ಟು? ಜಾನಪದ ಕ್ಷೇತ್ರಕಾರ್ಯದ ಪ್ರಶ್ನಾವಳಿಗೆ ಮೊದಲು ಸೇರಬೇಕಾದವು ಇವು. ಕಾಯೋತ್ಸರ್ಗದ ಮಾತು ಆಮೇಲೆ ಬರಲಿ.