ಹದಿನಾಲ್ಕು ಸಾವಿರ ಅಡಿಯಲ್ಲಿ ಗುಲಾಬ್ ಜಾಮೂನು ಯಾಕೆ?

ಹಿಮಾಚಲ ಪ್ರದೇಶದ ಚಂದ್ರತಾಲ್ ಕೆರೆಯ ಪ್ರವಾಸದ ಜಾಹೀರಾತುಗಳು ಈಗ ಮೈಸೂರಿನಲ್ಲಿ ಕುಳಿತ ನನ್ನ ಫೋನಿಗೂ ಬರುತ್ತವೆ. ಸ್ವಿಸ್ ಟೆಂಟ್, ಡಬಲ್ ಕಾಟ್, ಅಟ್ಯಾಚ್ಡ್ ಬಾತ್‌ರೂಮು, ಬಕೆಟ್ಟಿನಲ್ಲಿ ಬಿಸಿನೀರು, ಬಫೆ ಊಟ, ಊಟದ ಕೊನೆಗೆ ಗುಲಾಬ್ ಜಾಮೂನು, ಅದಾದ ಮೇಲೆ ಬಾನ್‌ಫೈರ್. ನಾನು ಬಹುಕಾಲ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿದವಳು. ಬರೆದದ್ದನ್ನು ಓದುವ ಮೊದಲು ಬರೆಯದೆ ಬಿಟ್ಟದ್ದು ಏನೆಂದು ಹುಡುಕುವ ಚಟ ನಿವೃತ್ತಿಯಾದರೂ ಹೋಗಿಲ್ಲ. ನಾನು ನೋಡಿದ ಯಾವ ಜಾಹೀರಾತಿನಲ್ಲೂ ಒಂದು ಸಾಲು ಇರಲಿಲ್ಲ: ಅಲ್ಲಿ ಮಲಗುವ ಮೊದಲು ಕೆಳಗೆ ಎಷ್ಟು ರಾತ್ರಿ ಮಲಗಿ ಬರಬೇಕು?

ಆ ಸಾಲು ಬಿಟ್ಟುಹೋಗಿರುವುದು ಮರೆವಿನಿಂದ ಅಲ್ಲ. ಜಾಮೂನು ಸಿಕ್ಕರೆ ಗಿರಾಕಿಗೆ ಸಂತೋಷ. ಎರಡು ಮೂರು ದಿನ ಹೆಚ್ಚು ಬೇಕೆಂದರೆ ರಜೆ ಇಲ್ಲ. ಹಾಗಾಗಿ ದೇಹಕ್ಕೆ ಬೇಕಾದ ದಿನಗಳನ್ನು ಕತ್ತರಿಸಿ, ಬಾಯಿಗೆ ಬೇಕಾದದ್ದನ್ನು ತಟ್ಟೆಗೆ ಹಾಕುತ್ತಾರೆ. ನನ್ನ ವಾದ ಇದಕ್ಕೆ ನೇರ ವಿರುದ್ಧ. ಅಷ್ಟು ಎತ್ತರದಲ್ಲಿ ರಾತ್ರಿ ತಂಗುವ ಜಾಗ ಬೋಳಾಗಿಯೇ ಇರಬೇಕು. ಸಮತಟ್ಟಾದ ನೆಲ, ಒಂದು ಒಣ ಶೌಚಾಲಯ, ಎಣಿಸಿ ಬಿಟ್ಟಷ್ಟು ಟೆಂಟುಗಳು, ಸಾಕು. ಆ ಜಾಗವೂ ಹೆಚ್ಚು ಹಣ ಕೊಟ್ಟವರಿಗೆ ಸಿಗಬಾರದು. ಕೆಳಗೆ ರಾತ್ರಿಗಳನ್ನು ಕಳೆದು ಮೈ ಹದ ಮಾಡಿಕೊಂಡು ಬಂದವರಿಗೆ ಸಿಗಬೇಕು.

ಚಂದ್ರತಾಲ್ ಇರುವುದು ಸುಮಾರು 4,250 ಮೀಟರ್ ಎತ್ತರದಲ್ಲಿ, ಅಂದರೆ ಹೆಚ್ಚುಕಡಿಮೆ ಹದಿನಾಲ್ಕು ಸಾವಿರ ಅಡಿ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಪ್ರವಾಸಿಗರು ಬೆಟ್ಟದ ಬುಡವೆಂದುಕೊಳ್ಳುವ ಮನಾಲಿ ಪೇಟೆ ಅದಕ್ಕಿಂತಲೂ ಮೇಲಿದೆ. ಕುಮಾರ ಪರ್ವತವನ್ನು ಒಂದೇ ಉಸಿರಿಗೆ ಹತ್ತಿಳಿದವರಿಗೂ ಊರಿನಲ್ಲಿ ಈ ಎತ್ತರದ ಅಭ್ಯಾಸ ಸಿಗುವುದಿಲ್ಲ. ಕರ್ನಾಟಕದಲ್ಲಿ ಅಂಥ ಜಾಗವೇ ಇಲ್ಲ. ಚಂದ್ರತಾಲಿನಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ದಕ್ಕುವುದರ ಸುಮಾರು ಶೇ 60 ಮಾತ್ರ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಇರಬೇಕು ಎಂಬುದು ಪರ್ವತ ವೈದ್ಯರ ಸಾಮಾನ್ಯ ಸಲಹೆ. ಇದಕ್ಕೆ ವಯಸ್ಸಿನ ರಿಯಾಯಿತಿ ಇಲ್ಲ, ಜಿಮ್ಮಿಗೆ ಹೋಗುವವರಿಗೆ ವಿನಾಯಿತಿಯೂ ಇಲ್ಲ.

2020ರ ಅಕ್ಟೋಬರಿನಲ್ಲಿ ಮನಾಲಿಯನ್ನು ಲಾಹೌಲ್ ಕಣಿವೆಗೆ ಜೋಡಿಸುವ ಅಟಲ್ ಸುರಂಗ ತೆರೆಯಿತು. ರೋಹ್ತಾಂಗ್ ಪಾಸ್ ಹತ್ತಿ ಇಳಿಯುವ ತಾಪತ್ರಯ ತಪ್ಪಿತು. ಲಾಹೌಲಿನ ಜನರಿಗೆ ಇದು ದೊಡ್ಡ ಉಪಕಾರ. ಚಳಿಗಾಲದಲ್ಲಿ ಬಸುರಿಯನ್ನು ಆಸ್ಪತ್ರೆಗೆ ಸಾಗಿಸಲು ಈಗ ದಾರಿ ಇದೆ. ಆದರೆ ಬೇಸಿಗೆಯ ಪ್ರವಾಸಿ ಅದೇ ದಾರಿಯಲ್ಲಿ ಬೆಳಗಿನ ಜಾವ ಮನಾಲಿ ಬಿಟ್ಟು, ಕೋಕ್ಸರ್, ಗ್ರಾಂಫು, ಛತ್ರು, ಬಾತಲ್ ದಾಟಿ, ಕಲ್ಲುಮಣ್ಣಿನ ರಸ್ತೆಯಲ್ಲಿ ಕುಲುಕಾಡಿ ಸಂಜೆಗೆ ಚಂದ್ರತಾಲಿನ ಕ್ಯಾಂಪಿನಲ್ಲಿ ಇಳಿಯುತ್ತಾನೆ. ಮಲಗುವ ಎತ್ತರ ಒಂದೇ ದಿನದಲ್ಲಿ 2,200 ಮೀಟರ್ ಏರಿರುತ್ತದೆ.

ಅಂಥ ಒಂದು ಸಂಜೆಯನ್ನು ನಾನು ನೋಡಿದ್ದೇನೆ. ಅಣ್ಣನ ಮಗನ ಜೊತೆ ಹೋಗಿದ್ದೆ. ಶಿಮ್ಲಾ ಕಡೆಯಿಂದ ಸುತ್ತಿ ಕಲ್ಪಾ, ನಾಕೋ, ಕಾಜಾಗಳಲ್ಲಿ ನಿಂತು ನಿಂತು ಬಂದಿದ್ದೆವು. ಕ್ಯಾಂಪುಗಳ ಸಾಲಿನ ಅಂಚಿನಲ್ಲಿ ಒಬ್ಬ ಮಾಲೀಕನಿಗೆ ಜಾಗದ ಬಾಡಿಗೆ ಕೊಟ್ಟು ನಮ್ಮದೇ ಪುಟ್ಟ ಟೆಂಟು ಹೂಡಿದೆವು. ಆ ಜಲ್ಲಿ ನೆಲದಲ್ಲಿ ಗೂಟ ನಿಲ್ಲುವುದಿಲ್ಲ. ಹಗ್ಗಗಳನ್ನು ದಪ್ಪ ಕಲ್ಲುಗಳಿಗೆ ಕಟ್ಟಬೇಕು. ಮಧ್ಯಾಹ್ನ ಏಳುವ ಗಾಳಿ ಕಟ್ಟಿದ್ದು ಸರಿಯಿದೆಯೋ ಇಲ್ಲವೋ ಎಂದು ತಾನೇ ಪರೀಕ್ಷೆ ಮಾಡುತ್ತದೆ. ನೀರು ಅಲ್ಲಿ 86 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವ ಮಾತೇ ಇಲ್ಲ. ನಮ್ಮ ಊಟ ಬಿಸಿನೀರಿಗೆ ಕಲಸಿದ ಹುರಿಹಿಟ್ಟು, ಬೆಲ್ಲ, ಹುಣಿಸೆ ಗೊಜ್ಜಿನ ಅವಲಕ್ಕಿ. ಕಾಜಾ ಇರುವ ಸ್ಪಿತಿ ಕಣಿವೆಯವರು ಹುರಿದ ಬಾರ್ಲಿ ಹಿಟ್ಟನ್ನು ಇದೇ ರೀತಿ ಚಹಾದಲ್ಲಿ ಕಲಸಿ ತಿನ್ನುತ್ತಾರೆ. ಸೌದೆಯಿಲ್ಲದ ಸೀಮೆಯಲ್ಲಿ ಬಾಳುವವರು ಕಂಡುಕೊಂಡ ಅಡುಗೆ ಅದು.

ಹೊತ್ತು ಮುಳುಗುವಾಗ ಬೆಂಗಳೂರಿನ ಹುಡುಗರ ಜೀಪು ಬಂತು. ಪಕ್ಕದ ದೊಡ್ಡ ಟೆಂಟುಗಳು ಅವರದ್ದು.

“ಅತ್ತೆ, ಅವರ ಟೆಂಟಲ್ಲಿ ಗೀಸರ್ ಇದೆಯಂತೆ,” ಅಂದ ನಮ್ಮ ಹುಡುಗ, ಸ್ವಲ್ಪ ಹೊಟ್ಟೆಕಿಚ್ಚಿನಲ್ಲಿ.

“ಇರಲಿ ಬಿಡು. ಉಸಿರಾಟ ಹೇಗಿದೆ ಅಂತ ಕೇಳಿ ಬಾ,” ಅಂದೆ.

ಕತ್ತಲಾಗುವಷ್ಟರಲ್ಲಿ ಅವರಲ್ಲೊಬ್ಬ ತಲೆ ಹಿಡಿದುಕೊಂಡು ಕುಳಿತಿದ್ದ. ವಾಂತಿ ನಿಲ್ಲುತ್ತಿರಲಿಲ್ಲ, ಎದ್ದು ನಿಂತರೆ ಕುಡಿದವನಂತೆ ಓಲಾಡುತ್ತಿದ್ದ. ಹೆಜ್ಜೆ ತಪ್ಪುವುದು ಮೆದುಳು ಊದಿಕೊಳ್ಳುತ್ತಿರುವ ಸೂಚನೆ, ಕಾಯುತ್ತಾ ಕೂರುವಂತಿಲ್ಲ. ಸ್ನೇಹಿತರು ಬೆಳಗಾಗಲಿ ಅಂದರು. ಕ್ಯಾಂಪಿನ ಮಾಲೀಕ ಅವರ ಮಾತು ಕೇಳಲಿಲ್ಲ. ಆಮ್ಲಜನಕದ ಸಿಲಿಂಡರ್ ಹಚ್ಚಿ, ಕಂಬಳಿ ಸುತ್ತಿ, ಅದೇ ಜೀಪಿನಲ್ಲಿ ಆ ರಸ್ತೆಯಲ್ಲೇ ರಾತ್ರಿ ಛತ್ರುವಿನ ಕಡೆ ಇಳಿಸಿಕೊಂಡು ಹೋದ. ಎತ್ತರದ ಕಾಯಿಲೆಗೆ ಇಳಿಯುವುದೇ ಮದ್ದು. ಹುಡುಗ ಚೇತರಿಸಿಕೊಂಡನೆಂದು ಮರುದಿನ ಬಾತಲಿನ ಢಾಬಾದಲ್ಲಿ ತಿಳಿಯಿತು.

ಆಮೇಲೆ ಸಿಕ್ಕಾಗ ಆ ಮಾಲೀಕನನ್ನು ಕೇಳಿದೆ: ಬುಕಿಂಗ್ ತೆಗೆದುಕೊಳ್ಳುವಾಗಲೇ ನಿನ್ನೆ ಎಲ್ಲಿ ಮಲಗಿದ್ದಿರಿ ಎಂದು ವಿಚಾರಿಸಬಾರದೇ? ಅವನು ನಕ್ಕ. “ನಾನು ವಿಚಾರಿಸಿದರೆ ಪಕ್ಕದ ಕ್ಯಾಂಪಿಗೆ ಹೋಗ್ತಾರೆ, ಮೇಡಂ. ಅವನು ವಿಚಾರಿಸಿದರೆ ಅದರಾಚೆಯ ಕ್ಯಾಂಪಿಗೆ. ನನಗೆ ಸಿಗೋದೇ ಮೂರೂವರೆ ತಿಂಗಳ ದುಡಿಮೆ.”

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಒಬ್ಬ ಒಳ್ಳೆಯವನಾದರೆ ಅವನಿಗೆ ನಷ್ಟ, ಎಲ್ಲರೂ ಒಟ್ಟಿಗೆ ಒಳ್ಳೆಯವರಾಗಲು ನಿಯಮ ಬೇಕು. ನಿಯಮ ಮಾಡುವುದು ಸರ್ಕಾರದ ಕೆಲಸ. ಚಂದ್ರತಾಲ್ ತಂಗುದಾಣಕ್ಕೆ ಬರುವ ಪ್ರತಿಯೊಬ್ಬರೂ 3,000 ಮೀಟರಿನ ಮೇಲೆ ಕನಿಷ್ಠ ಮೂರು ರಾತ್ರಿ ಕಳೆದಿರಬೇಕು, ಆ ಊರುಗಳ ಹೋಮ್‌ಸ್ಟೇ ರಸೀದಿ ತೋರಿಸಿದರೆ ಮಾತ್ರ ಪರವಾನಗಿ. ಇಷ್ಟು ಮಾಡಿದರೆ ಸಾಕು. ಕಾಜಾ ಕಡೆಯಿಂದ ಬರುವವರಿಗೆ ಇದು ಹೊರೆಯೇ ಅಲ್ಲ. ಮನಾಲಿ ಕಡೆಯಿಂದ ಬರುವವರು ಸಿಸ್ಸು, ಕೋಕ್ಸರ್, ಛತ್ರುಗಳಲ್ಲಿ ನಿಲ್ಲಬೇಕಾಗುತ್ತದೆ. ಈಗ ಆ ಊರುಗಳ ಮುಂದೆ ಧೂಳೆಬ್ಬಿಸಿ ಓಡುವ ಜೀಪಿನ ಜನ ಅಲ್ಲಿ ಉಂಡು ಮಲಗಿದರೆ ಹಣವೂ ಅಲ್ಲೇ ಉಳಿಯುತ್ತದೆ.

ಇನ್ನು ಸೌಕರ್ಯದ ಮಾತು. ಚಂದ್ರತಾಲ್ 2005ರಿಂದ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಪಟ್ಟಿಯಲ್ಲಿರುವ ಜೌಗುತಾಣ, ವಿಸ್ತೀರ್ಣ ಬರೀ 49 ಹೆಕ್ಟೇರ್. ಮೊದಲು ಕೆರೆಯ ದಂಡೆಗೇ ಅಂಟಿದ್ದ ಟೆಂಟುಗಳನ್ನು ಈಗ ಎರಡು ಮೂರು ಕಿಲೋಮೀಟರ್ ಆಚೆಗೆ ಸರಿಸಿದ್ದಾರೆ. ಒಳ್ಳೆಯ ಕೆಲಸ, ಆದರೆ ಅರ್ಧ ಕೆಲಸ. ಆಚೆ ಸರಿದ ಟೆಂಟುಗಳ ಒಳಗೆ ನೀರು ಸುರಿಯುವ ಕಮೋಡ್ ಬಂದು ಕೂತಿದೆ. ಅದರ ಗುಂಡಿ ಎಲ್ಲಿ? ಚಳಿಯ ನೆಲದಲ್ಲಿ ಮಲ ಬೇಗ ಕೊಳೆಯುವುದಿಲ್ಲ. ಕೊಳೆಯದೆ ಉಳಿದದ್ದು ಹಿಮ ಕರಗಿದಾಗ ಇಳಿಜಾರು ಹಿಡಿಯುತ್ತದೆ. ಕೆಳಗೆ ಹರಿಯುವುದು ಚಂದ್ರಾ ನದಿ, ತಾಂಡಿಯಲ್ಲಿ ಭಾಗಾ ನದಿಯನ್ನು ಕೂಡಿಕೊಂಡು ಚೆನಾಬ್ ಆಗುವ ಅದೇ ನದಿ.

ಇದಕ್ಕೆ ಉತ್ತರವನ್ನು ವಿದೇಶದಿಂದ ತರಿಸಬೇಕಿಲ್ಲ. ಸ್ಪಿತಿಯ ಹಳೆಯ ಮನೆಗಳಲ್ಲಿ ಒಣ ಶೌಚಾಲಯವಿದೆ: ಮೇಲಿನ ಕೋಣೆಯ ನೆಲದಲ್ಲೊಂದು ಕಿಂಡಿ, ಬಳಸಿದ ಮೇಲೆ ಒಂದು ಸಲಿಕೆ ಮಣ್ಣು, ಕೆಳಗೆ ವರ್ಷವಿಡೀ ಒಣಗಿ ಗೊಬ್ಬರವಾಗಿ ಹೊಲ ಸೇರುವ ರಾಶಿ. ನೀರು ಹೆಪ್ಪುಗಟ್ಟುವ ನಾಡಿನವರ ಈ ಉಪಾಯವನ್ನು ಬದಿಗಿಟ್ಟು ಅದೇ ನಾಡಿಗೆ ಫ್ಲಶ್ ಹೊತ್ತೊಯ್ದವರು ನಾವು, ನಮ್ಮ ಬೇಡಿಕೆ. ಬಾನ್‌ಫೈರ್ ಕೂಡ ಹಾಗೆಯೇ. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರ ಒಂದು ಮರವಿಲ್ಲ. ಉರಿಸುವ ಕೊರಡು ಕೆಳಗಿನ ಯಾವುದೋ ಕಾಡಿನಿಂದ ಲಾರಿ ಹತ್ತಿ ಬಂದಿರಬೇಕು. ಉಳಿದ ಕೆಂಡವನ್ನು ಬೆಚ್ಚಗಿರಲೆಂದು ಮುಚ್ಚಿದ ಟೆಂಟಿನೊಳಗೆ ಇಟ್ಟುಕೊಂಡರಂತೂ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಟೆಂಟನ್ನೇ ನಿಷೇಧಿಸಿಬಿಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಉತ್ತರಾಖಂಡದಲ್ಲಿ ಆಗಿದ್ದು ಅದೇ. 2018ರ ಆಗಸ್ಟಿನಲ್ಲಿ ಅಲ್ಲಿನ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ, ಅಂದರೆ ಮರಗಳ ಗಡಿ ದಾಟಿದ ಮೇಲಿನ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನು ನಿಷೇಧಿಸಿತು. ಭೇಟಿ ಕೊಡುವವರ ಸಂಖ್ಯೆಗೂ 200ರ ಮಿತಿ ಹಾಕಿತು. ಆಲಿ ಮತ್ತು ಬೇದ್ನಿ ಬುಗ್ಯಾಲ್‌ಗಳ ಸ್ಥಿತಿ ಕಂಡು ಸ್ಥಳೀಯರೇ ಹೂಡಿದ್ದ ಮೊಕದ್ದಮೆ ಅದು. ಹುಲ್ಲಿನ ಮೇಲೆ ಫೈಬರ್ ಗುಡಿಸಲುಗಳು ಖಾಯಂ ಆಗಿ ಎದ್ದಿದ್ದವು. ನ್ಯಾಯಾಲಯ ಸಿಟ್ಟಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಆದೇಶ ಖಾಯಂ ಗುಡಿಸಲನ್ನೂ, ಬೆಳಗ್ಗೆ ಮಡಚಿ ಬೆನ್ನಿಗೇರಿಸುವ ಟೆಂಟನ್ನೂ ಒಂದೇ ತಕ್ಕಡಿಯಲ್ಲಿ ತೂಗಿತು. ಬೇದ್ನಿಯ ಮೇಲೆ ಹಾಯುವ ರೂಪಕುಂಡದ ಚಾರಣ ಬಹುಪಾಲು ನಿಂತೇಹೋಯಿತು. ದಾರಿಯ ಹಳ್ಳಿಗಳ ಗೈಡುಗಳು, ಹೇಸರಗತ್ತೆಯವರು ಕೆಲಸ ಕಳೆದುಕೊಂಡರು. ಸಂಖ್ಯೆಯನ್ನು ಬಿಗಿಹಿಡಿದು, ಜಾಗವನ್ನು ವರ್ಷವರ್ಷಕ್ಕೆ ಬದಲಿಸಿ, ಸೌಕರ್ಯಗಳನ್ನು ಮಾತ್ರ ನಿಷೇಧಿಸಿದ್ದರೆ ಹುಲ್ಲೂ ಉಳಿಯುತ್ತಿತ್ತು, ಗೈಡೂ ಉಳಿಯುತ್ತಿದ್ದ ಎಂದು ನನಗನಿಸುತ್ತದೆ.

ವಯಸ್ಸಾದವರು, ಮಂಡಿ ನೋವಿನವರು ಹಿಮಾಲಯ ನೋಡುವುದು ಬೇಡವೇ ಎಂಬ ಪ್ರಶ್ನೆಯೂ ಬರುತ್ತದೆ. ನನಗೂ ಮಂಡಿ ನೋವಿದೆ, ಆದ್ದರಿಂದ ನಿಷ್ಠುರವಾಗಿ ಹೇಳಬಲ್ಲೆ. ಹಗಲಿನಲ್ಲಿ ಬಂದು ಕೆರೆ ನೋಡಿ, ಲೋಸರ್ ಅಥವಾ ಕಾಜಾದ ಮನೆಯೊಂದರಲ್ಲಿ ಬೆಚ್ಚಗೆ ಮಲಗಲು ಯಾರ ಅಡ್ಡಿಯೂ ಇಲ್ಲ. ಹಾಸಿಗೆ ಬೇಕಾದವರಿಗೆ ಹಾಸಿಗೆ ಇರುವ ಊರುಗಳಿವೆ. ಊರೇ ಇಲ್ಲದ ಕಡೆಗೆ ಮಂಚ ಹೊರಿಸುವುದು ಬೇಡ ಎಂಬುದಷ್ಟೇ ನನ್ನ ಮಾತು.

ಎತ್ತರ ಮುನಿದರೆ ಏನಾಗುತ್ತದೆಂದು ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ತ್ರತಾಲ್ ದಾರಿಯಲ್ಲಿ ಕರ್ನಾಟಕದವರೇ ಹೆಚ್ಚಾಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ, ಒಂಬತ್ತು ಮಂದಿ ತೀರಿಕೊಂಡರು. ಅವರಲ್ಲಿ ಅನುಭವಿಗಳೂ ಇದ್ದರು. ಯಾರ ತಪ್ಪು ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಅದಕ್ಕೂ ಹಿಂದೆ, 2023ರ ಜುಲೈನಲ್ಲಿ, ಚಂದ್ರತಾಲಿನಲ್ಲೇ ಅಕಾಲಿಕ ಹಿಮ ಬಿದ್ದು 250ಕ್ಕೂ ಹೆಚ್ಚು ಜನ ಕ್ಯಾಂಪುಗಳಲ್ಲಿ ಸಿಕ್ಕಿಹಾಕಿಕೊಂಡರು. ಕೆಲವರನ್ನು ಹೆಲಿಕಾಪ್ಟರಿನಲ್ಲಿ ಒಯ್ದರು. ಉಳಿದವರನ್ನು ಹೊರತರಲು 4,551 ಮೀಟರ್ ಎತ್ತರದ ಕುಂಜುಮ್ ಪಾಸಿನ ಹಿಮ ಸರಿಸಬೇಕಾಯಿತು. ಜುಲೈ ತಿಂಗಳು, ರಜೆಯ ಜನ, ಹಿಂದಿನ ದಿನದವರೆಗೂ ಬಫೆ ಊಟ. ಅಲ್ಲಿ ಹವೆ ತಿರುಗಲು ಒಂದು ಮಧ್ಯಾಹ್ನ ಸಾಕು. ಐವತ್ತು ಜನರಿದ್ದರೆ ನಡೆಸಿಯೋ ಹೊತ್ತೋ ಕೆಳಗಿಳಿಸಬಹುದು. ಇನ್ನೂರೈವತ್ತು ಜನರಿಗೆ ಯಂತ್ರ ಬರುವವರೆಗೆ ಕಾಯಬೇಕು. ಟೆಂಟುಗಳ ಸಂಖ್ಯೆಗೆ ಮಿತಿ ಬೇಕು ಎನ್ನಲು ನನಗೆ ಇದಕ್ಕಿಂತ ಬೇರೆ ಕಾರಣ ಬೇಡ.

ಹಿಮಾಚಲ ಸರ್ಕಾರ ನನ್ನ ಲೇಖನ ಓದಿ ನಿಯಮ ಮಾಡುವುದಿಲ್ಲ, ಗೊತ್ತು. ಗಿರಾಕಿಯ ಮಾತನ್ನು ಮಾತ್ರ ಪ್ರವಾಸದ ಏಜೆನ್ಸಿಗಳು ಕೇಳಿಯೇ ಕೇಳುತ್ತವೆ. ಹಿಮಾಲಯಕ್ಕೆ ಬುಕ್ ಮಾಡುವ ಗಿರಾಕಿಗಳಲ್ಲಿ ನಮ್ಮ ಬೆಂಗಳೂರು, ಮೈಸೂರು, ಹುಬ್ಬಳ್ಳಿಯವರೂ ಇದ್ದಾರೆ. ಮುಂದಿನ ಬಾರಿ ಫೋನ್ ಮಾಡಿದಾಗ ಮೆನು ಕೇಳಬೇಡಿ. ಮೂರು ಪ್ರಶ್ನೆ ಕೇಳಿ: ಮೇಲೆ ಮಲಗುವ ಮೊದಲು ಎಷ್ಟು ರಾತ್ರಿ, ಯಾವ ಯಾವ ಎತ್ತರದಲ್ಲಿ? ಶೌಚದ ಗುಂಡಿ ನೀರಿನಿಂದ ಎಷ್ಟು ದೂರ? ಯಾರಿಗಾದರೂ ಹುಷಾರು ತಪ್ಪಿದರೆ ರಾತ್ರಿಯಲ್ಲೇ ಇಳಿಸಲು ಗಾಡಿ ಇದೆಯೇ? ಈ ಮೂರಕ್ಕೂ ನೇರ ಉತ್ತರ ಕೊಡದವರಿಗೆ ಮುಂಗಡ ಕಟ್ಟಬೇಡಿ. ರಜೆ ಸಾಲದಿದ್ದರೆ ಚಂದ್ರತಾಲನ್ನು ಮುಂದಿನ ವರ್ಷಕ್ಕೆ ಬಿಡಿ, ಈ ವರ್ಷ ಸಿಸ್ಸುವಿನವರೆಗೆ ಹೋಗಿ ಬನ್ನಿ.